ನಿಧಾನ ವಿಷಕ್ಕೆ ಯಾರೂ ಓಡಿ ಬರೋದಿಲ್ಲ

2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯ ದಲಿತ ಕೇರಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಆಗ ಅಧಿಕಾರಿಗಳು ಓಡಿ ಬಂದರು, ನೀರು ಪ್ರಯೋಗಾಲಯಕ್ಕೆ ಹೋಯಿತು. ವಾಂತಿ ಭೇದಿ ಒಂದೇ ದಿನದಲ್ಲಿ ಮನುಷ್ಯನನ್ನ ಕೆಡವುತ್ತೆ, ಅದಕ್ಕೇ ಕಣ್ಣಿಗೆ ಬೀಳುತ್ತೆ. ಹತ್ತು ವರ್ಷ ತಗೊಂಡು ಕೊಲ್ಲೋ ನೀರಿಗೆ ಯಾರು ಬರ್ತಾರೆ?

ಚಳ್ಳಕೆರೆ, ಮೊಳಕಾಲ್ಮೂರಿನ ಹಾಸ್ಟೆಲ್ ಗೆಳೆಯರೇ, ಯಾದಗಿರಿ ಜಿಲ್ಲೆಯ ಸುರಪುರದ ಕಡೆ ಕಿರದಳ್ಳಿ ತಾಂಡಾ ಅಂತ ಒಂದಿದೆ. ಲಂಬಾಣಿಗಳ ತಾಂಡಾ. ಹತ್ತಿರದಲ್ಲೇ ಮಂಗಳೂರು ಅನ್ನೋ ಊರಿನ ಹಳೇ ಚಿನ್ನದ ಗಣಿ. ಚಿನ್ನ ಯಾರ ಮನೆಗೆ ಹೋಯಿತೋ, ಆರ್ಸೆನಿಕ್ ಮಾತ್ರ ತಾಂಡಾದ ಪಾಲಿಗೆ ಬಂತು. ನಮ್ಮ ಹಿರೀಕರು ಪಾಷಾಣ ಅಂತಿದ್ದದ್ದು ಇದನ್ನೇ. 2013ರಲ್ಲಿ ಪ್ರಕಟವಾದ ಅಧ್ಯಯನದ ಲೆಕ್ಕ ನೋಡಿ: ಪರೀಕ್ಷೆ ಮಾಡಿದ 59 ಕೊಳವೆಬಾವಿಗಳಲ್ಲಿ ನೂರಕ್ಕೆ 79ರಲ್ಲಿ ಮಿತಿ ಮೀರಿದ ಆರ್ಸೆನಿಕ್. ಲೀಟರಿಗೆ 10 ಮೈಕ್ರೋಗ್ರಾಂ ಮಿತಿ, ಅಲ್ಲಿ ಸಿಕ್ಕಿದ್ದು 303ರವರೆಗೆ. ತಪಾಸಣೆ ಮಾಡಿದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಚರ್ಮದ ಮೇಲೆ ವಿಷದ ಗುರುತು.

ಆ ಗುರುತು ಒಂದು ದಿನಕ್ಕೆ ಮೂಡಿದ್ದಲ್ಲ. ವರ್ಷಗಟ್ಟಲೆ ಕುಡಿದ ಮೇಲೆ ಎದೆ ಬೆನ್ನಿನ ಮೇಲೆ ಮಳೆಹನಿ ಬಿದ್ದಂಗೆ ಕಪ್ಪು ಬಿಳಿ ಚುಕ್ಕೆ, ಅಂಗೈ ಅಂಗಾಲಿನಲ್ಲಿ ಗಂಟುಗಂಟು ಒರಟು. ಕೂಲಿ ಮಾಡೋರ ಕೈ ಒರಟಾದರೆ ಯಾವ ಡಾಕ್ಟರು ಬೆರಗಾಗ್ತಾರೆ? ಕಜ್ಜಿ ಅಂತ ಮುಲಾಮು ಕೊಡ್ತಾರೆ, ಇಲ್ಲವೇ ಕುಷ್ಠ ಅಂತ ಅನುಮಾನಪಟ್ಟು ದೂರ ನಿಲ್ಲಿಸ್ತಾರೆ. ಮೊದಲೇ ದೂರ ಇಟ್ಟವರನ್ನ ಇನ್ನೂ ದೂರ! ರಕ್ತ ಪರೀಕ್ಷೆ ಮಾಡಿಸಿದರೂ ಮೋಸ. ಆರ್ಸೆನಿಕ್ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲೋದಿಲ್ಲ, ಚೀಟಿಯಲ್ಲಿ ನಾರ್ಮಲ್ ಅಂತ ಬರಬಹುದು. ಹಳೇ ಲೆಕ್ಕ ಸಿಗೋದು ಕೂದಲಿನಲ್ಲಿ, ಉಗುರಿನಲ್ಲಿ.

ತಡವಾದರೆ ಏನಾಗುತ್ತೆ? ಬೇಗ ಗೊತ್ತಾಗಿ ನೀರು ಬದಲಾದರೆ ಚುಕ್ಕೆ ಎಷ್ಟೋ ಮಾಸಬಹುದು. ತಡವಾದರೆ, ನೀರು ಬಿಟ್ಟು ಎಷ್ಟೋ ವರ್ಷ ಆದಮೇಲೂ ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್ ಬರಬಹುದು. ಅದನ್ನ ಹಿಂದಕ್ಕೆ ಎಳೆಯೋ ಇಂಜೆಕ್ಷನ್ ಇಲ್ಲ. ಪಶ್ಚಿಮ ಬಂಗಾಳದಲ್ಲಿ ಡಾ. ಕೆ. ಸಿ. ಸಾಹಾ ಇಂಥ ರೋಗಿಗಳನ್ನ ಗುರುತಿಸಿದ್ದು 1983ರಲ್ಲಿ. ನಮ್ಮ ರಾಜ್ಯದ ತಾಂಡಾದ ಲೆಕ್ಕ ಅಚ್ಚಾಗೋಕೆ ಇನ್ನೂ 30 ವರ್ಷ ಬೇಕಾಯಿತು.

ನಮ್ಮ ತಾಲ್ಲೂಕುಗಳ ನೀರಲ್ಲಿ ಆರ್ಸೆನಿಕ್ ಇದೆ ಅಂತ ಇಲ್ಲಿ ಯಾರೂ ಹೇಳ್ತಿಲ್ಲ. ಆದರೆ ನಾವೂ ಬೋರ್‌ವೆಲ್ ನಂಬಿದ ಜನ. ನಮ್ಮ ಜಿಲ್ಲೆಗೆ ಫ್ಲೋರೈಡ್ ಹೊಸದಲ್ಲ, ಅದು ಹಲ್ಲಿನ ಮೇಲೆ ಕಾಣುತ್ತೆ. ಪಾಷಾಣಕ್ಕೆ ಬಣ್ಣ ಇಲ್ಲ, ರುಚಿ ಇಲ್ಲ, ಕುದಿಸಿದರೂ ಹೋಗೋದಿಲ್ಲ. ಪರೀಕ್ಷೆ ಒಂದೇ ಕಣ್ಣು. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮ ಕೇರಿಯ ಬೋರ್ ನೀರನ್ನ ಆರ್ಸೆನಿಕ್‌ಗೆ, ಸೀಸಕ್ಕೆ ಯಾವಾಗ ಪರೀಕ್ಷೆ ಮಾಡಿದಿರಿ, ಕಾಗದ ತೋರಿಸಿ ಅಂತ. ರಜೆಗೆ ಊರಿಗೆ ಹೋದಾಗ ಅವ್ವ ಅಪ್ಪನ ಅಂಗೈ ಅಂಗಾಲು ನೋಡಿ. ಅನುಮಾನ ಬಂದರೆ ಆಸ್ಪತ್ರೆಗೆ ಜೊತೆಗೆ ಹೋಗಿ, ಯಾವ ನೀರು, ಎಷ್ಟು ವರ್ಷದಿಂದ ಅನ್ನೋದನ್ನ ಡಾಕ್ಟರು ಕೇಳದಿದ್ದರೂ ನೀವೇ ಹೇಳಿ, ಚೀಟಿಯಲ್ಲಿ ಬರೆಸಿ.