ಅವರದು ಕ್ರಾಫ್ಟ್, ನಮ್ಮದು ಕೊಳೆ



ವಸಂತನರಸಾಪುರ ಕೈಗಾರಿಕಾ ಪ್ರದೇಶದ ಒಂದು ಆಫೀಸಲ್ಲಿ ಗುಮಾಸ್ತ ನಾನು. ಪಕ್ಕದ ಬಾಡಿಗೆ ಮನೆಗೆ ಬೆಂಗಳೂರಿಂದ ಬಂದಿರೋ ಎಂಜಿನಿಯರ್ ಹುಡುಗ ಹೋದ ಭಾನುವಾರ ಕರೆದ. "ಬನ್ನಿ ಸರ್, ಮನೇಲೇ ಬಿಯರ್ ಮಾಡಿದೀನಿ, ಫಸ್ಟ್ ಟೈಮ್." ನಾನು ಕುಡಿಯಲ್ಲ. ನೋಡೋಣ ಅಂತ ಹೋದೆ.

ಉತ್ಸಾಹದಿಂದ ಎಲ್ಲ ಹೇಳಿದ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ನಮ್ಮ ರಾಗಿ ಮಾಲ್ಟ್ ಇದ್ದಂಗೆ. ಅದನ್ನ 65-68 ಡಿಗ್ರಿ ಬಿಸಿನೀರಲ್ಲಿ ಒಂದು ಗಂಟೆ ಇಟ್ಟು, ಸಿಹಿನೀರು ಬಸಿದು, ಹಾಪ್ಸ್ ಅನ್ನೋ ಕಹಿ ಹೂ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿ, ಬಕೆಟ್ ಮುಚ್ಚಿ ಎರಡು ವಾರ ಬಿಡೋದು. 20 ಡಿಗ್ರಿ ಆಸುಪಾಸಿನ ತಂಪು ಬೇಕಂತೆ. ಬೇಸಿಗೆಯ ತುಮಕೂರಲ್ಲಿ ತಂಪು ಎಲ್ಲಿಂದ ಬರಬೇಕು? ಬಕೆಟ್ ಕಾದು ಬಿಯರ್‌ಗೆ ಕಳಿತ ಬಾಳೆಹಣ್ಣಿನ ವಾಸನೆ. ಬಾಟಲಿಗೆ ಸಕ್ಕರೆ ಜಾಸ್ತಿಯಾಗಿ ಎರಡು ಸಿಡಿದಿದ್ವು. ಗೋಡೆ ಮೇಲಿನ ಕಲೆ ತೋರಿಸಿ ನಗ್ತಿದ್ದ. ಮುಂದಿನ ಸಲ ಬಕೆಟ್‌ನ ತಣ್ಣೀರು ಟಬ್ಬಲ್ಲಿ ಇಡ್ತಾನಂತೆ. ಫೋಟೋನೂ ಹಾಕಿದ್ದ, ತುಂಬಾ ಲೈಕ್ ಬಂದಿತ್ತು.

"ಯಾರೂ ಹಿಡಿಯಲ್ವೇನಪ್ಪಾ?" ಅಂದೆ.

"ಮನೇಲಿ ಮಾಡ್ಕೊಂಡ್ರೆ ಯಾರು ಹಿಡೀತಾರೆ ಸರ್!"

ಯಾರು ಹಿಡೀತಾರೆ ಅಂತ ನಮ್ಮಜ್ಜಿಗೆ ಗೊತ್ತಿತ್ತು.

ಗಂಡ ಸತ್ತ ಹೆಂಗಸು. ತುಂಡು ಭೂಮಿ ಇಲ್ಲ. ಕೂಲಿ ಸಿಗದ ಬೇಸಿಗೆಯಲ್ಲಿ ಬೆಲ್ಲ, ಜಾಲಿ ಚಕ್ಕೆ, ನೀರು ಮಡಕೆಗೆ ಹಾಕಿ ಹಿತ್ತಲ ತಿಪ್ಪೇಲಿ ಹೂತಿಡೋಳು. ಉಕ್ಕು ಬಂದ ಮೇಲೆ ಭಟ್ಟಿ ಇಳಿಸೋಳು. ಒಂದು ಬೆಳಗಿನ ಜಾವ ಜೀಪು ಬಂತು. ಮಡಕೆ ಒಡೆದ್ರು, ರಾಗಿ ಗುಡಾಣನೂ ಒಡೆದ್ರು. ಕೇರಿಯೆಲ್ಲ ನೋಡ್ತಿರೋವಾಗ ಅಜ್ಜಿಯ ತುರುಬು ಹಿಡಿದು ಜೀಪು ಹತ್ತಿಸಿದ್ರು. ನನಗಾಗ ಎಂಟು ವರ್ಷ. ಆಮೇಲೆ ಆಕೆ ಊರೊಳಗೆ ತಲೆ ಎತ್ತಿ ನಡೆದದ್ದು ನಾನು ನೋಡಲಿಲ್ಲ.

ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುತ್ತೆ. ಬಕೆಟ್ಟಲ್ಲೂ ಅದೇ, ಮಡಕೇಲೂ ಅದೇ. ಬಕೆಟ್ಟಿನದಕ್ಕೆ ಕ್ರಾಫ್ಟ್ ಅಂತಾರೆ. ಮಡಕೆಯದಕ್ಕೆ ಇವತ್ತಿಗೂ ಪೇಪರಿನವರು "ಬೆಲ್ಲದ ಕೊಳೆ ನಾಶ" ಅಂತ ಬರೀತಾರೆ.

ಕಾನೂನು ಏನು ಹೇಳುತ್ತೆ? ಕರ್ನಾಟಕ ಅಬಕಾರಿ ಕಾಯ್ದೆ, 1965. ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋದು ಅಪರಾಧ. ಬಿಯರ್ರೂ ಮದ್ಯವೇ. ಕಾಯ್ದೆಯ ಪುಟದಲ್ಲಿ ಜಾತಿ ಇಲ್ಲ. ಆದ್ರೆ ಜೀಪಿಗೆ ಕೇರಿ ದಾರಿ ಮಾತ್ರ ಗೊತ್ತು.

"ಭಟ್ಟಿ ಸಾರಾಯಿ ವಿಷ, ಜನ ಸಾಯ್ತಾರೆ" ಅಂತ ಕೆಲವರು ಹೇಳಬಹುದು. ಹೌದು, 1981ರಲ್ಲಿ ಬೆಂಗಳೂರಲ್ಲಿ ಮುನ್ನೂರಕ್ಕೂ ಹೆಚ್ಚು ಬಡವರು ಸತ್ತರು. ಕೊಂದದ್ದು ದಂಧೆಯವರು ಬೆರೆಸಿದ ಮಿಥೈಲ್ ಆಲ್ಕೋಹಾಲ್. ಆ ದಂಧೆಯನ್ನ ಮಟ್ಟ ಹಾಕಿ, ನಾನೂ ಜೊತೆಗೆ ಬರ್ತೀನಿ. ಒಂದು ಮಡಕೆಯ ಮುದುಕಿಯನ್ನ ಅವರ ಸಾಲಿಗೆ ಸೇರಿಸಬೇಡಿ.

ಕುಡಿತಕ್ಕೆ ನಾನು ವಕಾಲತ್ತು ಹಾಕ್ತಿಲ್ಲ. ನಮ್ಮಪ್ಪನನ್ನ ಸಾರಾಯಿಯೇ ತಿಂದದ್ದು. ಹೆಂಡ ಬೇಡ, ಮಕ್ಕಳಿಗೆ ವಸತಿ ಶಾಲೆ ಕೊಡಿ ಅಂತ ದಲಿತ ಸಂಘರ್ಷ ಸಮಿತಿ ಬೀದಿಗಿಳಿದದ್ದು ಸುಮ್ಮನೆ ಅಲ್ಲ. 2007ರ ಜುಲೈ 1ರಿಂದ ಸಾರಾಯಿ ನಿಂತಾಗ ನಮ್ಮ ತಾಯಂದಿರು ನಿಟ್ಟುಸಿರು ಬಿಟ್ಟಿದ್ದೂ ನಿಜ. ಆಮೇಲೆ ಏನಾಯ್ತು? ಪ್ಯಾಕೆಟ್ ಹೋಗಿ ಅಗ್ಗದ ವಿಸ್ಕಿ ಬಂತು. ಬೆಂಗಳೂರಲ್ಲಿ ಮೈಕ್ರೋಬ್ರೂವರಿಗಳಿಗೆ ಲೈಸೆನ್ಸ್ ಸಿಕ್ಕಿತು. ಅಬಕಾರಿ ಆದಾಯ ಈಗ ವರ್ಷಕ್ಕೆ 30 ಸಾವಿರ ಕೋಟಿ ದಾಟಿದೆ. ನಮ್ಮ ಕೂಲಿಯ ದುಡ್ಡೂ ಅದರಲ್ಲಿದೆ. ಆದ್ರೂ "ಕುಡುಕರು" ಅನ್ನೋ ಹೆಸರು ಮಾತ್ರ ಕೇರಿಗೇ.

ಆ ಹುಡುಗನ ಮೇಲೆ ಸಿಟ್ಟಿಲ್ಲ. ಅವನ ಮನೆಗೆ ಜೀಪು ಬರಲಿ ಅಂತಲೂ ಬಯಸಲ್ಲ. ಮೊದಲ ಸಲ ಕೆಟ್ಟರೆ ನಕ್ಕು, ಎರಡನೇ ಸಲ ಪ್ರಯತ್ನಿಸೋ ಧೈರ್ಯ ಅವನಿಗಿದೆ. ನಮ್ಮಜ್ಜಿಗೆ ಎರಡನೇ ಸಲ ಅನ್ನೋದೇ ಇರಲಿಲ್ಲ. ನನ್ನ ತಕರಾರು ಅದು.

ಕೇಳೋದು ಮೂರೇ. ಕಾನೂನು ಇದ್ರೆ ಎಲ್ಲರ ಬಾಗಿಲಿಗೂ ಒಂದೇ ಥರ ಬರಲಿ. ಹೊಟ್ಟೆಪಾಡಿಗೆ ಮಡಕೆ ಇಟ್ಟ ಹೆಂಗಸರ ಮೇಲಿನ ಕೇಸು ಕೈಬಿಟ್ಟು, ಅವರಿಗೆ ಭೂಮಿಯೋ ಕೆಲಸವೋ ಕೊಡಿ. ಪೇಪರಿನವರೇ, ಆ "ಕೊಳೆ" ಅನ್ನೋ ಪದ ಬಿಡಿ.

ಬಂಧುಗಳೇ, ನಿಮ್ಮ ಮನೆಯಲ್ಲೂ ಇಂಥ ಅಜ್ಜಿ ಇದ್ದಿರಬಹುದು. ನಾಚಿಕೆ ಬೇಡ, ಕೆಳಗೆ ಬರೀರಿ. ನಾಚಬೇಕಾದೋರು ನಾವಲ್ಲ.

ಜೈಭೀಮ್.