ಕವಿಯ ಹೆಸರಿನಲ್ಲಿ ಒಂದು ಊಟ



ವಾರ್ಷಿಕ ಸಂಚಿಕೆಗೆ ಏನಾದರೂ ಬರೆದು ಕಳುಹಿಸೆಂದು ನಮ್ಮ ಶಾಲೆಯ ಗುರುಗಳು ಅಪ್ಪಣೆ ಮಾಡಿದಾಗ ನನಗೆ ಮೊದಲು ನೆನಪಾದದ್ದು ಒಂದು ಊಟ. ನಾನು ಈ ಶಾಲೆಯ ಹಳೆ ವಿದ್ಯಾರ್ಥಿ. ಕಾಸರಗೋಡು ಬಿಟ್ಟು ಹನ್ನೆರಡು ವರ್ಷಗಳಿಂದ ನ್ಯೂಜಿಲೆಂಡಿನ ಡುನೆಡಿನ್ ನಗರದಲ್ಲಿದ್ದೇನೆ. ಆದರೆ ಆ ಊಟ ನಮ್ಮವರದಲ್ಲ, ನ್ಯೂಜಿಲೆಂಡಿನದೂ ಅಲ್ಲ, ಅದು ಸ್ಕಾಟ್ಲೆಂಡಿನವರದು.

ಮಾವೋರಿ ಜನರ ಆ ನಾಡಿಗೆ ೧೮೪೮ರಲ್ಲಿ ಹಡಗೇರಿ ಬಂದ ಸ್ಕಾಟರು ಕಟ್ಟಿದ ಊರು ಡುನೆಡಿನ್. ಅವರ ರಾಜಧಾನಿ ಎಡಿನ್‌ಬರೋವಿಗೆ ಗೇಲಿಕ್ ಭಾಷೆಯಲ್ಲಿರುವ ಹೆಸರನ್ನೇ ಇದಕ್ಕೂ ಇಟ್ಟರು. ಬಂದವರ ಧರ್ಮಗುರು ಥಾಮಸ್ ಬರ್ನ್ಸ್; ಕವಿ ರಾಬರ್ಟ್ ಬರ್ನ್ಸನ ಅಣ್ಣತಮ್ಮಂದಿರ ಪೈಕಿ ಒಬ್ಬನ ಮಗ. ಊರ ನಡುವೆ ಕವಿಯ ವಿಗ್ರಹವಿದೆ, ೧೮೮೭ರದು. ಇಗರ್ಜಿಗೆ ಬೆನ್ನು ಹಾಕಿ ಹೆಂಡದಂಗಡಿಯತ್ತ ಮುಖ ಮಾಡಿ ಕುಳಿತಿದ್ದಾನೆಂದು ಊರವರು ತಮಾಷೆ ಮಾಡುತ್ತಾರೆ.

ಈ ಕವಿ ಗೇಣಿ ಒಕ್ಕಲಿನ ಮಗ. ೧೭೫೯ರ ಜನವರಿ ೨೫ರಂದು ಹುಟ್ಟಿ, ನೇಗಿಲು ಹಿಡಿದು ದುಡಿದು, ಮೂವತ್ತೇಳನೆಯ ವಯಸ್ಸಿಗೇ ತೀರಿಕೊಂಡ. ಪಂಡಿತರ ಇಂಗ್ಲಿಷನ್ನು ಬಿಟ್ಟು ಹೊಲದಲ್ಲಿ, ಅಡಿಗೆಮನೆಯಲ್ಲಿ ಆಡುವ ಸ್ಕಾಟ್ಸ್ ಭಾಷೆಯಲ್ಲಿ ಬರೆದ. ಮೊದಲ ಸಂಕಲನ ೧೭೮೬ರಲ್ಲಿ ಅಚ್ಚಾಯಿತು, ೬೧೨ ಪ್ರತಿಗಳು. ಅವನು ಸತ್ತು ಐದು ವರ್ಷವಾದಾಗ, ೧೮೦೧ರಲ್ಲಿ, ಗೆಳೆಯರು, ಅಭಿಮಾನಿಗಳು ಒಂಬತ್ತು ಮಂದಿ ಅವನು ಹುಟ್ಟಿದ ಗುಡಿಸಲಿನಲ್ಲಿ ಸೇರಿ ಉಂಡರು. ಅವನ ಕವಿತೆ ಓದಿದರು. ಅಲ್ಲಿಂದ ಮೊದಲಾದದ್ದು ಈ ಔತಣ. ಆಮೇಲೆ ಹುಟ್ಟುಹಬ್ಬವನ್ನೇ ಆಚರಿಸೋಣವೆಂದು ಹೊರಟವರು ತಾರೀಖು ತಪ್ಪಿ ಜನವರಿ ೨೯ರಂದು ಉಂಡದ್ದೂ ಉಂಟು!

ಸ್ಕಾಟ್ಲೆಂಡಿನಲ್ಲಿ ಜನವರಿಯೆಂದರೆ ಕೊರೆಯುವ ಚಳಿ. ಡುನೆಡಿನ್ನಿನಲ್ಲಿ ಅದು ಬೇಸಗೆ. ರಾತ್ರಿ ಒಂಬತ್ತು ಗಂಟೆಗೂ ಹೊರಗೆ ಬೆಳಕು. ಆದರೂ ಊಟ ಚಳಿಗಾಲದ್ದೇ. ನೆರೆಮನೆಯ ಹಿರಿಯರೊಬ್ಬರು ಕರೆದರೆಂದು ಹೋದ ವರ್ಷ ನಾನು, ನನ್ನ ಹೆಂಡತಿ, ಮಗಳು ಹೋಗಿದ್ದೆವು. ಚರ್ಮದ ಚೀಲಕ್ಕೆ ಗಾಳಿ ತುಂಬಿ ನುಡಿಸುವ ಬ್ಯಾಗ್‌ಪೈಪಿನವನು ಮುಂದೆ, ತಟ್ಟೆಯಲ್ಲಿ ಹ್ಯಾಗಿಸನ್ನು ಹೊತ್ತ ಅಡಿಗೆಯವನು ಹಿಂದೆ. ದೇವರ ಬಲಿ ಹೊರಡುವಾಗ ಎದ್ದು ನಿಲ್ಲುವಂತೆ ಎಲ್ಲರೂ ಎದ್ದು ನಿಂತರು. ಹ್ಯಾಗಿಸ್ ಎಂದರೆ ಕುರಿಯ ಹೃದಯ, ಯಕೃತ್ತು, ಶ್ವಾಸಕೋಶಗಳನ್ನು ಕೊಚ್ಚಿ, ಓಟ್ಸ್, ಈರುಳ್ಳಿ, ಕೊಬ್ಬು, ಮೆಣಸು ಬೆರೆಸಿ, ಕುರಿಯ ಹೊಟ್ಟೆಯ ಚೀಲದಲ್ಲೇ ತುಂಬಿ ಬೇಯಿಸಿದ್ದು. ಬೇರೆಯವರು ಬಿಸಾಡುವುದನ್ನು ಬಡವರು ರುಚಿ ಮಾಡಿಕೊಂಡ ಬಗೆ. ನಮ್ಮವರು ಮಳೆಗಾಲದಲ್ಲಿ ಹಿತ್ತಿಲ ಕೆಸುವಿನೆಲೆಯಿಂದ ಪತ್ರೊಡೆ ಮಾಡಿದ ಹಾಗೆ. (ನಮಗಾಗಿ ಬೇಳೆಕಾಳಿನ ಹ್ಯಾಗಿಸನ್ನೂ ಮಾಡಿಸಿದ್ದರು.) ಕವಿ ಇದೇ ತಿಂಡಿಯನ್ನು ಸಂಬೋಧಿಸಿ ಬರೆದ ಕವಿತೆಯನ್ನು ಆ ಹಿರಿಯರು ಪುಸ್ತಕವಿಲ್ಲದೆ ಹೇಳಿದರು, ಒಂದು ಸಾಲಿಗೆ ಸರಿಯಾಗಿ ಚೂರಿ ಹಾಕಿ ಸೀಳಿದರು. ಆಮೇಲೆ ಊಟ, ಕವಿಯ ಸ್ಮರಣೆಯ ಭಾಷಣ, ಹಾಡು.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಅಲ್ಲಿ ವೇದಿಕೆಯೇ ಇರಲಿಲ್ಲ ಎಂಬುದು. ಅಧ್ಯಕ್ಷರಿಗೆ ಹಾರವಿಲ್ಲ, ಕಾಯುವ ಸಭಿಕರಿಲ್ಲ. ಉಣ್ಣುವವರೇ ಹಾಡಿದರು. ನಾವು ನಮ್ಮ ಕವಿಗಳಿಗೆ ಭವನ ಕಟ್ಟುತ್ತೇವೆ, ಪ್ರಶಸ್ತಿ ಇಡುತ್ತೇವೆ. ಮಂಜೇಶ್ವರದ ಗೋವಿಂದ ಪೈಗಳು ಹುಟ್ಟಿದ ದಿನ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಎಲೆಯ ಮುಂದೆ ಕುಳಿತು ಅವರ ಒಂದು ಪದ್ಯ ಹೇಳುತ್ತಾರೆ?

ಆದರೆ ಸ್ಕಾಟರನ್ನು ಬರಿದೇ ಹೊಗಳಲಾರೆ. ಆ ಭಾಷಣದಲ್ಲಿ ಕವಿಯ ಗುಣಗಳಷ್ಟೇ ಬಂದವು. ೧೭೮೬ರಲ್ಲಿ ಅವನು ಜಮೈಕಾದ ಗುಲಾಮರು ದುಡಿಯುವ ತೋಟವೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಹೊರಟು ನಿಂತಿದ್ದ, ಪುಸ್ತಕ ಗೆದ್ದದ್ದರಿಂದ ಉಳಿದುಕೊಂಡ ಎಂಬ ಮಾತು ಬರಲಿಲ್ಲ. ಅದಕ್ಕಿಂತ ದೊಡ್ಡ ಕೊರತೆ ಮತ್ತೊಂದು. ಆ ಜನ ಕವಿಯನ್ನು ಉಳಿಸಿಕೊಂಡಷ್ಟು ಅವನ ಭಾಷೆಯನ್ನು ಉಳಿಸಿಕೊಳ್ಳಲಿಲ್ಲ. ಸ್ಕಾಟ್ಲೆಂಡಿನ ಶಾಲೆಗಳಲ್ಲಿ ೧೮೭೨ರ ಶಿಕ್ಷಣ ಕಾಯಿದೆಯ ಅನಂತರ ಇಂಗ್ಲಿಷಿಗೇ ಮನ್ನಣೆ. ಮನೆಮಾತು ಬಾಯಿಗೆ ಬಂದರೆ ಅಂಗೈಗೆ ಚರ್ಮದ ಪಟ್ಟಿಯ ಏಟು. ಬರ್ನ್ಸನ ಪದ್ಯ ಚೆನ್ನಾಗಿ ಹೇಳಿದರೆ ಬಹುಮಾನ, ಅದೇ ಮಾತನ್ನು ಮರುದಿನ ತರಗತಿಯಲ್ಲಿ ಆಡಿದರೆ ಪೆಟ್ಟು! ಹೆತ್ತವರೂ ಅದು ಒರಟು ಮಾತೆಂದು ನಾಚಿಕೊಂಡರು. ೨೦೨೫ರಲ್ಲಿ ಅಲ್ಲಿಯ ಪಾರ್ಲಿಮೆಂಟು ಗೇಲಿಕ್, ಸ್ಕಾಟ್ಸ್ ಎರಡಕ್ಕೂ ಅಧಿಕೃತ ಸ್ಥಾನ ಕೊಡುವ ಕಾಯಿದೆ ಮಾಡಿದೆ. ಒಳ್ಳೆಯದೇ. ಆದರೆ ಡುನೆಡಿನ್ನಿನ ಆ ಊಟದ ಮೇಜಿನ ಮೇಲೆ ಪದ್ಯದ ಪ್ರತಿಯ ಪಕ್ಕದಲ್ಲಿ ಅರ್ಥಕೋಶದ ಹಾಳೆಯನ್ನೂ ಇಟ್ಟಿದ್ದರು.

ಮನೆಯಲ್ಲಿ ೩೬೪ ದಿನ ಬಿಟ್ಟ ಮಾತನ್ನು ಒಂದು ರಾತ್ರಿಯ ಊಟ ಹಿಂದಕ್ಕೆ ತರಲಾರದೆಂದು ನಾನು ಅಲ್ಲಿ ಕುಳಿತೇ ಎಣಿಸಿದೆ. ಸ್ವಲ್ಪ ಹೆಮ್ಮೆಯಿಂದಲೇ ಎಣಿಸಿದೆನೆನ್ನಬೇಕು.

ಊಟ ಮುಗಿಯುತ್ತ ಬಂದಾಗ ಆ ಹಿರಿಯರು, ನಿಮ್ಮ ಭಾಷೆಯಲ್ಲೂ ಏನಾದರೂ ಹೇಳಿ ಎಂದರು. ಬರ್ನ್ಸನ ಕೆಂಪು ಗುಲಾಬಿಯ ಪ್ರೇಮಗೀತೆಯನ್ನು ಬಿ.ಎಂ.ಶ್ರೀಯವರು 'ಇಂಗ್ಲಿಷ್ ಗೀತಗಳು' ಸಂಕಲನದಲ್ಲಿ ಕನ್ನಡಕ್ಕೆ ತಂದದ್ದನ್ನು ಈ ಶಾಲೆಯಲ್ಲೇ ಬಾಯಿಪಾಠ ಮಾಡಿದ್ದೆ. ಎದ್ದು ನಿಂತು ಹೇಳಿದೆ. ಒಂದು ಶಬ್ದ ತಿಳಿಯದಿದ್ದರೂ ಆ ಹಿರಿಯರು ತಾಳ ಹಾಕುತ್ತ ಕೇಳಿ, ಇನ್ನೊಮ್ಮೆ ಹೇಳಿಸಿದರು.

ಮನೆಗೆ ಮರಳುವಾಗ ಕಾರಿನಲ್ಲಿ ಮಗಳು, ಆ ಪದ್ಯಕ್ಕೆ ಏನರ್ಥವೆಂದು ಕೇಳಿದಳು. ಕೇಳಿದ್ದು ಇಂಗ್ಲಿಷಿನಲ್ಲಿ.