ಪೆಟ್ರೋಲು ಪೋಲಾಗುವುದು ಎಲ್ಲಿ?

ಒಂದು ಲೀಟರ್ ಪೆಟ್ರೋಲಿನಲ್ಲಿ ಆದಷ್ಟು ಹೆಚ್ಚು ದೂರ ಕ್ರಮಿಸಬೇಕೆಂಬ ಹಂಬಲದಿಂದ ಕಾರಿನ ರೂಪವನ್ನೇ ಬದಲಿಸುವ ಉತ್ಸಾಹಿಗಳು ಲೋಕದಲ್ಲಿ ಅನೇಕರಿದ್ದಾರೆ. ಅವರು ಕಾರಿನ ಹಿಂಭಾಗವನ್ನು ಮೀನಿನ ಬಾಲದಂತೆ ನೀಳವಾಗಿಸುತ್ತಾರೆ. ಚಕ್ರಗಳನ್ನೂ ತಳವನ್ನೂ ತಗಡಿನಿಂದ ಮುಚ್ಚುತ್ತಾರೆ. ಇದರಿಂದ ಗಾಳಿಯ ತಡೆ ಕಡಿಮೆಯಾಗುವುದು ನಿಜ. ಆದರೆ ಬೆಂಗಳೂರಿನ ಹಲಸೂರಿನಿಂದ ಕೆ.ಆರ್. ಪುರಕ್ಕೆ ಹೋಗುವ ಹಳೆಯ ಮದರಾಸು ರಸ್ತೆಗೆ ಈ ಉಪಾಯ ತಕ್ಕುದಲ್ಲವೆಂಬುದು ನಮ್ಮ ಅಭಿಪ್ರಾಯ.

ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿರುವ ತಡೆ, ವೇಗವು 36ಕ್ಕೆ ಇಳಿದಾಗ ಕಾಲುಭಾಗವಾಗುತ್ತದೆ. ಹೆಜ್ಜೆಹೆಜ್ಜೆಗೂ ನಿಲ್ಲಬೇಕಾದ ರಸ್ತೆಯಲ್ಲಿ ಇಂಧನವನ್ನು ನುಂಗುವುದು ಮುಖ್ಯವಾಗಿ ಬ್ರೇಕು.

ವಾಚಕರು ತಾವೇ ಲೆಕ್ಕ ಮಾಡಿ ನೋಡಬಹುದು. 1,000 ಕಿಲೋಗ್ರಾಂ ತೂಕದ ಕಾರು ಸೆಕೆಂಡಿಗೆ 10 ಮೀಟರ್, ಎಂದರೆ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿದ್ದರೆ ಅದರ ಚಲನಶಕ್ತಿ 50,000 ಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 3.2 ಕೋಟಿ ಜೂಲ್ ಶಕ್ತಿಯಿದೆ. ಅದರಲ್ಲಿ ಕಾಲುಭಾಗ ಮಾತ್ರ ಚಕ್ರಗಳಿಗೆ ಮುಟ್ಟುವುದೆಂದು ಭಾವಿಸಿದರೆ, ಆ ವೇಗವನ್ನು ಪಡೆಯಲು 6 ಮಿಲಿಲೀಟರಿಗಿಂತ ತುಸು ಹೆಚ್ಚು ಪೆಟ್ರೋಲು ಬೇಕು. ಕೆಂಪು ದೀಪದ ಮುಂದೆ ಬ್ರೇಕು ಒತ್ತಿದೊಡನೆ ಆ ಶಕ್ತಿಯೆಲ್ಲ ಶಾಖವಾಗಿ ವ್ಯರ್ಥವಾಗುತ್ತದೆ. ಹತ್ತು ಕಿಲೋಮೀಟರಿನಲ್ಲಿ ಇಪ್ಪತ್ತು ಸಲ ನಿಂತು ಹೊರಟರೆ ಸುಮಾರು 125 ಮಿಲಿಲೀಟರ್ ಹೀಗೆ ಹೋಯಿತು! ಅದೇ ವೇಗದಲ್ಲಿ ಅಷ್ಟು ದೂರ ಗಾಳಿಯನ್ನು ಸೀಳಲು ಬೇಕಾಗುವುದು ಸುಮಾರು 50 ಮಿಲಿಲೀಟರ್ ಮಾತ್ರ.

ಆದುದರಿಂದ ಇಲ್ಲಿ ಮಾಡಬೇಕಾದ ಸುಧಾರಣೆ ಬೇರೆ. ಕಾರಿನಲ್ಲಿರುವ ಅನಗತ್ಯ ಭಾರವನ್ನು ಇಳಿಸಬೇಕು. ದೂರದಲ್ಲಿ ಕೆಂಪು ದೀಪ ಕಂಡಾಗಲೇ ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು. ಬಹಳ ಹೊತ್ತು ನಿಲ್ಲಬೇಕಾದಾಗ ಎಂಜಿನ್ ಆರಿಸಬೇಕು. ಆದರೆ ಓಡುತ್ತಿರುವ ಕಾರಿನ ಎಂಜಿನ್ನನ್ನು ಎಂದಿಗೂ ಆರಿಸಬಾರದು; ಹಾಗೆ ಮಾಡಿದರೆ ಬ್ರೇಕಿಗೂ ಸ್ಟಿಯರಿಂಗಿಗೂ ದೊರೆಯುವ ನೆರವು ತಪ್ಪಿ ಪ್ರಾಣಕ್ಕೇ ಅಪಾಯ ಒದಗಬಹುದು. ನೋಂದಣಿಯಾದ ವಾಹನದ ಮೂಲ ರಚನೆಯನ್ನು ಮನಬಂದಂತೆ ಮಾರ್ಪಡಿಸಲು 1988ರ ಮೋಟಾರು ವಾಹನ ಕಾಯ್ದೆಯೂ ಒಪ್ಪುವುದಿಲ್ಲ.

ಬ್ರೇಕಿನಲ್ಲಿ ನಷ್ಟವಾಗುವ ಶಕ್ತಿಯ ಒಂದಂಶವನ್ನು ಮರಳಿ ಪಡೆಯುವ ಉಪಾಯವೂ ಇದೆ. 2001ರಲ್ಲಿ ಬೆಂಗಳೂರಿನಲ್ಲೇ ತಯಾರಾಗಿ ಮಾರುಕಟ್ಟೆಗೆ ಬಂದ ರೇವಾ ವಿದ್ಯುತ್ ಕಾರು, ನಿಧಾನಿಸುವಾಗ ತನ್ನ ಮೋಟಾರನ್ನೇ ಜನಕವಾಗಿಸಿ ಬ್ಯಾಟರಿಗೆ ವಿದ್ಯುತ್ತನ್ನು ತುಂಬುತ್ತಿತ್ತು. ಹಲಸೂರು, ಇಂದಿರಾನಗರಗಳ ಮೂಲಕ 2023ರಿಂದ ಕೆ.ಆರ್. ಪುರಕ್ಕೂ ಓಡುತ್ತಿರುವ ಮೆಟ್ರೋ ರೈಲಿನಲ್ಲಿಯೂ ಇದೇ ತತ್ತ್ವ ಅಡಗಿದೆ.

ತಗಡನ್ನು ಕತ್ತರಿಸಲು ಹೊರಡುವ ತರುಣರು ಮೊದಲು ಒಂದು ವಾರ ತಮ್ಮ ದಾರಿಯಲ್ಲಿ ಕಾರು ಎಷ್ಟು ಸಲ ನಿಂತಿತೆಂಬುದನ್ನು ಬರೆದಿಡಲಿ. ಯಾವ ಸುಧಾರಣೆಯಿಂದ ಲಾಭವಾದೀತೆಂಬುದು ಆ ಲೆಕ್ಕದಿಂದಲೇ ಅವರಿಗೆ ತಿಳಿದುಬರುವುದು.